ಕಾರವಾರದ ಬಂದರಿನಲ್ಲಿ ನಿಂತ ದೋಣಿ

ಬೆಳಿಗ್ಗೆ ಆರರ ಬಸ್ಸು ಹಿಡಿದು, ಯಲ್ಲಾಪುರ ದಾಟಿ ಘಟ್ಟ ಇಳಿದು, ನಾನೂ ನಮ್ಮ ಯಜಮಾನರೂ ಕಾರವಾರ ಮುಟ್ಟಿದಾಗ ಹನ್ನೊಂದೂವರೆ. ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ್ದರಿಂದ ನನ್ನ ಟಿಕೆಟ್ಟು ಪುಕ್ಕಟೆ; ಅವರು ಮಾತ್ರ ರೊಕ್ಕ ಕೊಟ್ಟು ಅಂಜಿಕೆ ಕೊಂಡಿದ್ದರು. ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರ ಮಾಡುವ ಅವರಿಗೆ ನೀರೆಂದರೆ ಎದೆ ನಡುಗುತ್ತದೆ. ಹಾಯಿದೋಣಿಯಲ್ಲಿ ಗೋಕರ್ಣದವರೆಗೆ ಹೋಗಬೇಕೆಂಬುದು ನನ್ನ ಹಂಬಲ. ಮದುವೆಯಾದ ವರ್ಷ ಕೊಟ್ಟ ಮಾತನ್ನು ಇಪ್ಪತ್ತೆಂಟು ವರ್ಷ ಮುಂದೂಡಿ, ಈ ಅಕ್ಟೋಬರಿನಲ್ಲಿ ತಪ್ಪಿಸಿಕೊಳ್ಳಲಾಗದೆ ಬಂದಿದ್ದರು.

ದೋಣಿಯ ಒಡೆಯ ಪಾಂಡುರಂಗ ಬಂದರಿನಲ್ಲಿ ಕಾಯುತ್ತಿದ್ದ. ಕಡಲು ಕೆಟ್ಟಿದೆ, ಎರಡು ದಿನ ಹೊರಡುವಂತಿಲ್ಲ ಎಂದ. ಯಜಮಾನರು ಛೇ ಛೇ ಎಂದು ತಲೆ ಅಲ್ಲಾಡಿಸಿದರು. ಮುಖ ಮಾತ್ರ ಹತ್ತಿಯ ದರ ಏರಿದ ದಿನದಂತೆ ಅರಳಿತ್ತು.

ಬಂದರಿನ ಧಕ್ಕೆಗೆ ಕಟ್ಟಿದ ದೋಣಿಯ ಪುಟ್ಟ ಕೋಣೆಯಲ್ಲೇ ಉಳಿದೆವು. ಮಳೆ ಬಿಡದೆ ಸುರಿಯಿತು. ಸುತ್ತ ಮೀನುದೋಣಿಗಳು, ಅವುಗಳ ವಾಸನೆ. ನಾನು ಆಕಾಶ ನೋಡುತ್ತ ಸಿಡಿಮಿಡಿಗೊಂಡರೆ, ಅವರು ಪಕ್ಕದ ದೋಣಿಯವರನ್ನೆಲ್ಲ ಕರೆದು ಕಟಕ ರೊಟ್ಟಿ, ಶೇಂಗಾ ಚಟ್ನಿ ಹಂಚಿದರು. ನಾಲ್ಕು ದಿನದ ಬುತ್ತಿ ಎರಡನೆಯ ಮಧ್ಯಾಹ್ನಕ್ಕೇ ಖಾಲಿ. ಅಂದು ಸಂಜೆ ಅವರು ಪಾಂಡುರಂಗನನ್ನು ಮರೆಗೆ ಕರೆದು, ಇನ್ನೂ ಎರಡು ದಿನ ಮಳೆ ಇದೆ ಎಂದು ನನಗೆ ಹೇಳುವಂತೆ ಪುಸಲಾಯಿಸುತ್ತಿದ್ದದ್ದು ನನ್ನ ಕಿವಿಗೆ ಬಿತ್ತು.

ನಾನು ಜಗಳ ತೆಗೆಯಲಿಲ್ಲ. "ನಿಮಗ ಮನಸ್ಸಿಲ್ಲಂದ್ರ ನಾಳೆ ಊರಿಗಿ ಹೋಗೂಣ್ರಿ. ನಾ ಮತ್ತ ಕೇಳಂಗಿಲ್ಲ" ಎಂದೆ.

ಮೂರನೆಯ ಬೆಳಿಗ್ಗೆ ಬಿಸಿಲು ಬಿತ್ತು. ಚೀಲ ಕಟ್ಟಿಕೊಂಡು ಹೊರಗೆ ಬಂದರೆ, ಯಜಮಾನರು ವಿಭೂತಿ ಹಚ್ಚಿಕೊಂಡು, ಎರಡು ಲೈಫ್ ಜಾಕೆಟ್ ಒಂದರ ಮೇಲೊಂದು ತೊಟ್ಟು, ಹಾಯಿಕಂಬವನ್ನು ಅಪ್ಪಿ ಕಣ್ಣುಮುಚ್ಚಿ ಕುಳಿತಿದ್ದರು.

"ಲಗೂ ಬಿಡಪಾ ಪಾಂಡುರಂಗ, ನನ್ನ ಮನಸ್ಸು ಬದಲಾಗೂದ್ರಾಗ" ಎಂದರು.

ಬಂದರು ದಾಟಿ ಅರ್ಧ ಗಂಟೆಗೆ ಹೊಟ್ಟೆ ತೊಳಸಿತು. ಅವರದಲ್ಲ, ನನ್ನದು. ಗೋಕರ್ಣದವರೆಗೂ ನಾನು ಕಂಡದ್ದು ಒಂದು ಹಸಿರು ಬಕೆಟ್ಟು. ಅವರು ಯಾವಾಗ ಕಣ್ಣು ತೆರೆದರೋ ಗೊತ್ತಿಲ್ಲ. ಒಂದು ಕೈ ಕಂಬಕ್ಕೆ, ಇನ್ನೊಂದು ನನ್ನ ಬೆನ್ನಿಗೆ ಇಟ್ಟು, ಗುಡ್ಡ ಬಂತು, ಹಕ್ಕಿ ಬಂತು, ಡಾಲ್ಫಿನ್ ಬಂತು ಎಂದು ಒಂದೊಂದಾಗಿ ಹೇಳುತ್ತಿದ್ದರು. ನಾನು ತಲೆ ಎತ್ತಲಿಲ್ಲ.

ಗೋಕರ್ಣದಿಂದ ಬಸ್ಸಿನಲ್ಲಿ ಮರಳಿದೆವು. ಇವರು ಹುಬ್ಬಳ್ಳಿಯ ನಮ್ಮ ಕೇಶ್ವಾಪುರದ ತುಂಬ ನನ್ನ ಪಾಡನ್ನು ಸಾರುತ್ತಾರೆಂಬ ಚಿಂತೆಯೇ ದಾರಿಯುದ್ದಕ್ಕೂ. ಓಣಿಗೆ ಕಾಲಿಟ್ಟೊಡನೆ ಎದುರುಮನೆಯ ನೀಲಮ್ಮನವರು ಪ್ರಯಾಣ ಹೇಗಿತ್ತೆಂದು ಕೇಳಿಯೇಬಿಟ್ಟರು. ಯಜಮಾನರು ಒಮ್ಮೆ ನನ್ನತ್ತ ನೋಡಿದರು.

"ಭಾಳ ಛಲೋ ಆತ್ರಿ. ನಾ ಅಂಜಿದ್ದೆ, ಇಕೀನ ನನಗ ಧೈರ್ಯ ಕೊಟ್ಟು ದಡಾ ಮುಟ್ಟಿಸಿದ್ಲು."