ಬಿಚ್ಚಬಾರದ ಚೀಲ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಯಿಂದ ಶುರು ಮಾಡಿ ಸ್ವಂತ ವ್ಯಾಪಾರಕ್ಕೆ ಬಂದವಳು ನಾನು. ನಡುವೆ ಹೇಗೋ ಬಿ.ಸಿ.ಎ. ಮುಗಿಸಿದ್ದೆ. ಮೂವತ್ತು ದಾಟಿದ ಮೇಲೆ ಹಾವೇರಿಯಲ್ಲಿ ಕಂಪ್ಯೂಟರ್ ಸೈನ್ಸ್ ಎಂ.ಎಸ್ಸಿ.ಗೆ ಸೇರಿದೆ. ಅಲ್ಗಾರಿದಮ್ ಪೇಪರಿನಲ್ಲಿ ಒಮ್ಮೆ ಫೇಲಾದೆ. ಎರಡನೇ ಸಲವೂ ಹೋದರೆ ಓದು ಬಿಟ್ಟು ಅಂಗಡಿಯಲ್ಲೇ ಕೂರುವುದೆಂದು ಅವ್ವನಿಗೆ ಮಾತು ಕೊಟ್ಟಿದ್ದೆ.

ಬೆಳಗಿನ ವ್ಯಾಪಾರ ಮುಗಿಸಿ, ಮೋಟೆಬೆನ್ನೂರಿನ ಮೇಲಿಂದ ಬಸ್ಸಿನಲ್ಲಿ ತರಗತಿಗೆ ಬರುವಷ್ಟರಲ್ಲಿ ಮೈ ಸೋತಿರುತ್ತಿತ್ತು. ಗಂಟಲಲ್ಲಿ ಘಾಟು ಬೇರೆ. ಅಂಥ ಒಂದು ದಿನ ಅಲ್ಗಾರಿದಮ್ ಪಾಠದ ಸರ್ ನನ್ನನ್ನು ಬೋರ್ಡಿಗೆ ಕರೆದು ಒಂದು ಲೆಕ್ಕ ಕೊಟ್ಟರು. ಗಾಡಿ ಹೊರುವ ತೂಕ ಇಷ್ಟು, ಒಂದೊಂದು ಚೀಲದ ತೂಕ, ಬೆಲೆ ಇಷ್ಟಿಷ್ಟು. ಹೆಚ್ಚು ಬೆಲೆ ಬರುವಂತೆ ಗಾಡಿ ತುಂಬಬೇಕು. ಇದನ್ನು ನನಗೆ ಹೇಳಿಕೊಡಬೇಕೆ? ಕಿಲೋ ದರ ತೆಗೆದೆ, ದುಬಾರಿಯದನ್ನು ಮೊದಲು ಹೇರಿದೆ, ಕೊನೆಯ ಚೀಲ ಬಿಚ್ಚಿ ಗಾಡಿಗೆ ಹಿಡಿಯುವಷ್ಟನ್ನು ಮಾತ್ರ ತೆಗೆದುಕೊಂಡೆ. ರಾಣೆಬೆನ್ನೂರಿನ ಖಾನಾವಳಿಯವರು ಕಾಲು ಚೀಲ ಕೇಳಿದರೂ ಇಲ್ಲವೆಂದವಳಲ್ಲ ನಾನು.

“ಅಕ್ಕಾರ, ಚೀಲಾ ಬಿಚ್ಚಂಗಿಲ್ರಿ,” ಎಂದರು ಸರ್. ನನಗಿಂತ ವಯಸ್ಸಿನಲ್ಲಿ ಸಣ್ಣವರು.

“ಬಿಚ್ಚದ ಹೆಂಗ ವ್ಯಾಪಾರ ಮಾಡೂದ್ರಿ ಸರ?”

“ಮೆಣಸಿನಕಾಯಿ ಅಲ್ರಿ, ಟಿ.ವಿ. ಅಂತ ತಿಳ್ಕೋರಿ. ಅರ್ಧಾ ಟಿ.ವಿ. ಯಾರು ಒಯ್ತಾರ?”

“ಅಕ್ಕ ಅದಕ್ಕೂ ಗಿರಾಕಿ ಹುಡುಕ್ತಾಳ್ರಿ ಸರ!” ಎಂದಳು ಹಿಂದಿನ ಬೆಂಚಿನ ಹುಡುಗಿ.

ಚೀಲ ಬಿಚ್ಚದಿದ್ದರೆ ಲೆಕ್ಕವೇ ಬೇರೆ. ದುಬಾರಿಯದನ್ನು ಮೊದಲು ಹೇರಿದರೆ ಗಾಡಿಯಲ್ಲಿ ಜಾಗ ಖಾಲಿ ಉಳಿದು ಒಟ್ಟು ಬೆಲೆ ಕಡಿಮೆಯಾಗಬಹುದು. ಅದಕ್ಕೇ ಕೋಷ್ಟಕ ಹಾಕಿ, ಒಂದೊಂದು ಖಾನೆಯಲ್ಲೂ ಈ ಚೀಲ ಹೇರಿದರೆಷ್ಟು, ಬಿಟ್ಟರೆಷ್ಟು ಎಂದು ನೋಡುತ್ತಾ ಹೋಗಬೇಕು. ಬೇಸರದ ಕೆಲಸ. ಈ ವಿಷಯ ಓದುವವರಿಗೆ ನನ್ನದೊಂದು ಮಾತು: ನಿಮ್ಮ ಕಸುಬಿನ ಜಾಣತನವನ್ನು ಬಾಗಿಲಾಚೆ ಇಟ್ಟು ಬನ್ನಿ. ಪ್ರಶ್ನೆಯಲ್ಲಿ ಏನು ಮಾಡಬಾರದು ಎಂದಿದೆಯೋ ಅದನ್ನು ಮೊದಲು ಓದಿ.

ಹೇಳುವುದು ಸುಲಭ. ಎರಡನೇ ಸಲದ ಪರೀಕ್ಷೆಯಲ್ಲಿ ಅಂಥದ್ದೇ ಪ್ರಶ್ನೆ ಬಂದಾಗ ನನ್ನ ಕೈ ತಾನಾಗಿ ಕಿಲೋ ದರ ತೆಗೆಯತೊಡಗಿತ್ತು. ಅರ್ಧ ಪುಟವಾದ ಮೇಲೆ ಎಚ್ಚರಾಗಿ ಅಡ್ಡಗೆರೆ ಎಳೆದೆ. ಕೋಷ್ಟಕ ಮುಗಿಯುವಾಗ ಬೆರಳು ಮರಗಟ್ಟಿದ್ದವು. ಕೊನೆಯ ಪ್ರಶ್ನೆ ಮುಟ್ಟಲೂ ಆಗಲಿಲ್ಲ.

ಫಲಿತಾಂಶ ಬಂದ ದಿನ ಮೊಬೈಲ್ ನೋಡಿ, “ಅವ್ವಾ, ಪಾಸಾಗೇನಿ. ದಡಾ ಮುಟ್ಟೇನಿ ಅಷ್ಟ,” ಎಂದೆ.

“ಹಂಗಾರ ಓದೂದು ಮುಗೀತಲ್ಲ?”

“ಇಲ್ಲಬೇ, ಇನ್ನೊಂದು ವರ್ಷ ಐತಿ.”

“ಮತ್ತ ಪಾಸಾಗಿ ಏನ್ ಬಂತು?” ಎಂದಳು.

ನಾಳೆ ಮತ್ತೆ ಬಸ್ಸು ಹಿಡಿಯಬೇಕಲ್ಲ ಎಂದುಕೊಂಡೆ. ಸಂತೋಷಕ್ಕಿಂತ ಮೊದಲು ಆಕಳಿಕೆ ಬಂತು.