ತಗಡಿನ ಕಣ್ಣು

ಮಾಟ, ಶಾಪ, ದೃಷ್ಟಿ ಇವನ್ನೆಲ್ಲ ನಾನು ನಂಬಿದವಳಲ್ಲ. ಮೈಸೂರಿನಲ್ಲಿ ನಮ್ಮ ಬೀದಿಯ ನಲ್ಲಿಯ ಮುಂದೆ ಕೊಡಕ್ಕಾಗಿ ಜಗಳವಾಡುತ್ತಿದ್ದ ಹೆಂಗಸರು ನೆಟಿಗೆ ಮುರಿದು ಶಾಪ ಹಾಕುವುದನ್ನು ನೋಡಿಕೊಂಡೇ ಬೆಳೆದೆ. ‘ನಿನ್ನ ಮನೆ ಹಾಳಾಗ’ ಎಂದು ಹತ್ತೂ ಬೆರಳನ್ನು ಲಟಲಟನೆ ಮುರಿದವರು ಮಾರನೆಯ ದಿನ ಅದೇ ಮನೆಗೆ ಹೋಗಿ ಕರಿಬೇವು ಕೇಳಿ ತರುತ್ತಿದ್ದರು. ಯಾರ ಮನೆಯೂ ಹಾಳಾದದ್ದನ್ನು ನಾನು ಕಾಣೆ. ಆದ್ದರಿಂದ ಈಗ ಹೇಳಹೊರಟಿರುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಕ್ಕುಬಿಡುತ್ತಿದ್ದೆ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡಬೇಕು. ಈ ಪ್ರಸಂಗದಲ್ಲಿ ನಾನು ಒಳ್ಳೆಯವಳಾಗಿ ಕಾಣುವುದಿಲ್ಲ.

ನ್ಯೂಜೆರ್ಸಿಯ ಹಿಲ್ಸ್‌ಬರೋದಲ್ಲಿ, ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಇಪ್ಪತ್ತೊಂದು ವರ್ಷ ಭರತನಾಟ್ಯ ಕಲಿಸಿದೆ. ಸ್ಟ್ರೋಲರಿನಲ್ಲಿ ಬಂದ ಮಕ್ಕಳು ಕಾಲೇಜಿಗೆ ಹೋದವು. ಅಷ್ಟು ವರ್ಷದಲ್ಲಿ ಒಂದು ಮಗುವಿನ ಮೇಲೂ ಕೈ ಮಾಡಿದವಳಲ್ಲ. ಬಾಯಿ ಮಾತ್ರ ಜೋರು, ಅದನ್ನು ಒಪ್ಪುತ್ತೇನೆ.

ಮಾನಸಾ ನನ್ನ ಹತ್ತಿರ ಬಂದದ್ದು ಆರೇಳು ವರ್ಷಗಳ ಹಿಂದೆ. ಹಾಸನದ ಹುಡುಗಿ. ಗಂಡನ ವೀಸಾದ ಮೇಲೆ ಬಂದು, ಕೆಲಸ ಮಾಡುವಂತಿಲ್ಲದೆ ಮನೆಯಲ್ಲಿ ಕೂತು ಮಂಕಾಗಿದ್ದಳು. ಊರಿನಲ್ಲಿ ಸ್ವಲ್ಪ ನೃತ್ಯ ಕಲಿತಿದ್ದಳು. ‘ಸುಮ್ನೆ ಬಂದು ಕೂತ್ಕೊಳ್ತೀನಿ ಆಂಟಿ’ ಎಂದು ಶುರುಮಾಡಿದವಳನ್ನು ನಾನು ತಿದ್ದಿದೆ, ರಂಗದ ಮೇಲೆ ನಿಲ್ಲಿಸಿದೆ, ಹಬ್ಬ ಹುಣ್ಣಿಮೆಗೆ ಮನೆಗೆ ಕರೆದು ಬಡಿಸಿದೆ. ಒಮ್ಮೆ ಚಳಿಗಾಲದಲ್ಲಿ ಅವಳು ನೋಡದೆ ಕಾರಿನ ಬಾಗಿಲು ಹಾಕಿ ನನ್ನ ಎಡಗೈಯ ಕಿರುಬೆರಳು ಜಜ್ಜಿಹೋಯಿತು. ಆ ಬೆರಳು ಇವತ್ತಿಗೂ ಮಡಿಸಲು ಬರುವುದಿಲ್ಲ. ನರ್ತಕಿಗೆ ಬೆರಳೆಂದರೆ ಏನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅವಳು ಅಳುತ್ತ ನಿಂತಾಗ ‘ಇರ್ಲಿ ಬಿಡೇ, ಒಂಬತ್ತು ಇದಾವಲ್ಲ’ ಎಂದು ನಾನೇ ಸಮಾಧಾನ ಮಾಡಿದ್ದೆ. ಬೇಕೆಂದು ಮಾಡಿದ್ದಲ್ಲವಲ್ಲ.

ಎರಡನೆಯ ಗಾಯವನ್ನು ಬೇಕೆಂದೇ ಮಾಡಿದಳು. ಒಂದು ಶನಿವಾರ ಬೆಳಿಗ್ಗೆ ಕ್ಲಾಸಿನ ಮಕ್ಕಳೆಲ್ಲ ನೀರು ಕುಡಿಯಲು ಮೇಲೆ ಹೋಗಿದ್ದರು. ರಿಯಾ ಎಂಬ ಒಂಬತ್ತು ವರ್ಷದ ಹುಡುಗಿಗೆ ಒಂದು ಅಡವಿನ ಹೆಜ್ಜೆ ಕೂರುತ್ತಿರಲಿಲ್ಲವೆಂದು ಅವಳೊಬ್ಬಳನ್ನೇ ಉಳಿಸಿಕೊಂಡು ಮಾಡಿಸುತ್ತಿದ್ದೆ. ಮಾನಸಾ ನನ್ನ ಎದುರಿಗೇ ನಿಂತಿದ್ದಳು. ತಾಳ ತಟ್ಟುತ್ತಿದ್ದ ಕೋಲು ನನ್ನ ಬೆವತ ಕೈಯಿಂದ ಜಾರಿ ಹಾರಿಹೋಗಿ ರಿಯಾಳ ಕಾಲಿನ ಗೆಣ್ಣಿಗೆ ಬಡಿಯಿತು. ಗೆಣ್ಣು ಊದಿಕೊಂಡಿತು. ಕೋಲು ಜಾರಿದ ಆ ಗಳಿಗೆಯಲ್ಲಿ ಮಾನಸಾಳ ಕಣ್ಣೂ ನನ್ನ ಕಣ್ಣೂ ಸಂಧಿಸಿದ್ದು ನನಗೆ ಚೆನ್ನಾಗಿ ನೆನಪಿದೆ.

ಮಗುವನ್ನು ಕೇಳಿದರೆ, ‘ಐ ವಾಸ್ ಲುಕಿಂಗ್ ಅಟ್ ಮೈ ಹ್ಯಾಂಡ್’ ಎಂದಿತು. ಕೈ ಹೋದ ಕಡೆ ಕಣ್ಣು ಹೋಗಬೇಕೆಂದು ಕಲಿಸಿದವಳು ನಾನೇ, ಏನು ಮಾಡಲಿ. ಸಂಜೆ ಬಂದ ರಿಯಾಳ ತಾಯಿ ನಮ್ಮ ಡ್ರೈವ್‌ವೇಯಲ್ಲೇ ನಿಂತು ಮಾನಸಾಳನ್ನು ಕೇಳಿದಳು.

‘ನೀವು ಅಲ್ಲೇ ಇದ್ರಲ್ಲಾ, ಮಾನಸಾ. ಏನಾಯ್ತು, ಕರೆಕ್ಟಾಗಿ ಹೇಳಿ.’

ಮಾನಸಾ ನನ್ನ ಕಡೆ ತಿರುಗಲೇ ಇಲ್ಲ. ‘ನಾನು ನೋಡ್ಲಿಲ್ಲ’ ಎಂದಳು.

ಅಷ್ಟೇ ಮಾತು. ಆಂಟಿ ಹೊಡೆದರು ಎಂದೂ ಹೇಳಲಿಲ್ಲ, ಹೊಡೆಯಲಿಲ್ಲ ಎಂದೂ ಹೇಳಲಿಲ್ಲ. ಮಿಕ್ಕದ್ದನ್ನು ವಾಟ್ಸಾಪ್ ಮಾಡಿತು. ಅಮೆರಿಕದಲ್ಲಿ ಟೀಚರು ಮಗುವಿಗೆ ಕೋಲಿನಲ್ಲಿ ಹೊಡೆದಳು ಅಂದರೆ ಮುಗಿಯಿತು. ಒಂದು ತಿಂಗಳಲ್ಲಿ ಬೇಸ್‌ಮೆಂಟು ಖಾಲಿಯಾಯಿತು. ಇಂಡಿಯನ್ ಸ್ಟೋರಿನಲ್ಲಿ ನನ್ನನ್ನು ಕಂಡರೆ ತಾಯಂದಿರು ಬೇಳೆಯ ಸಾಲಿನಿಂದ ಹಿಟ್ಟಿನ ಸಾಲಿಗೆ ತಿರುಗಿಬಿಡುತ್ತಿದ್ದರು. ಇಪ್ಪತ್ತೊಂದು ವರ್ಷದ ಹೆಸರು ಎರಡು ಪದಕ್ಕೆ ಮಣ್ಣುಪಾಲಾಯಿತು. ಅಷ್ಟರಲ್ಲಿ ಮಾನಸಾಳಿಗೆ ಕೆಲಸ ಮಾಡುವ ಅನುಮತಿಯೂ ಸಿಕ್ಕಿತ್ತು. ಮೂರನೆಯ ತಿಂಗಳು ವೆಸ್ಟ್ ವಿಂಡ್ಸರಿನ ಒಂದು ಕ್ಲಬ್‌ಹೌಸಿನಲ್ಲಿ ಅವಳ ಕ್ಲಾಸು ಶುರುವಾಯಿತು. ಮಕ್ಕಳು ಯಾರವರೆಂದು ಹೇಳಬೇಕೆ? ಉಂಡ ಮನೆಯ ಜಂತೆ ಎಣಿಸುವುದೆಂದರೆ ಇದೇ.

ನನಗೆ ನಿದ್ದೆ ಹೋಯಿತು, ಊಟ ಸೇರದಾಯಿತು. ಇದನ್ನು ನೋಡಲಾರದೆ ನಮ್ಮ ಯಜಮಾನರು ಮದುವೆಯ ಮೂವತ್ತನೆಯ ವರ್ಷದ ನೆಪ ಹೇಳಿ ಗ್ರೀಸಿಗೆ ಟಿಕೆಟ್ ತೆಗೆದರು. ‘ಅಲ್ಲಿ ನಮ್ಮೋರು ಯಾರೂ ಇರಲ್ಲ ಕಣೇ. ಯಾರ್ ಮುಖಾನೂ ನೋಡ್ಬೇಕಾಗಿಲ್ಲ’ ಎಂದರು. ಹಾಗೆ ನ್ಯೂವಾರ್ಕಿನಲ್ಲಿ ವಿಮಾನ ಹತ್ತಿ, ಅಥೆನ್ಸಿನಿಂದ ನಾಲ್ಕು ಗಂಟೆ ಡ್ರೈವ್ ಮಾಡಿ, ಮೂವತ್ತು ನಲವತ್ತು ಮನೆಗಳ ಒಂದು ಕಡಲ ತೀರದ ಹಳ್ಳಿ ಸೇರಿದೆವು. ಏಳೆಂಟು ದೋಣಿ, ಒಂದು ಬ್ರೆಡ್ಡಿನ ಅಂಗಡಿ, ದಿಬ್ಬದ ಮೇಲೆ ಸುಣ್ಣ ಬಳಿದ ಪುಟ್ಟ ಚರ್ಚು, ಅಷ್ಟೇ ಊರು. ನಾವಿದ್ದ ಮನೆಯ ಒಡತಿ ಎಪ್ಪತ್ತೈದು ದಾಟಿದ ವಿಧವೆ. ಸದಾ ಕಪ್ಪು ಬಟ್ಟೆ. ನಮಗೆ ಅವಳ ಭಾಷೆ ಬಾರದು, ಅವಳಿಗೆ ಇಂಗ್ಲಿಷು ಬಾರದು. ನಾವು ಮಾಂಸ ತಿನ್ನುವುದಿಲ್ಲವೆಂದು ಸನ್ನೆಯಲ್ಲೇ ತಿಳಿದುಕೊಂಡು ದಿನಾ ಬದನೆಕಾಯಿ, ಟೊಮೇಟೊ, ಕಡಲೆಕಾಳು ಮಾಡಿಡುತ್ತಿದ್ದಳು. ನಾವು ಕೊಟ್ಟ ಪುಳಿಯೋಗರೆಯನ್ನು ಬೆರಳು ಚೀಪಿಕೊಂಡು ತಿಂದಳು.

ಸಮುದ್ರ ಕನ್ನಡಿಯ ಹಾಗೆ ಬಿದ್ದುಕೊಂಡಿತ್ತು. ಸದ್ದಿಲ್ಲ, ಗದ್ದಲವಿಲ್ಲ. ನಮ್ಮವರು ಎರಡೇ ದಿನದಲ್ಲಿ ಗೆಲುವಾದರು. ನನಗೆ ಮಾತ್ರ ಆ ನೆಮ್ಮದಿ ಮೈಗೆ ಹತ್ತಲಿಲ್ಲ. ಸುತ್ತ ಸದ್ದು ಕಡಿಮೆಯಾದಷ್ಟೂ ಒಳಗೆ ‘ನಾನು ನೋಡ್ಲಿಲ್ಲ, ನಾನು ನೋಡ್ಲಿಲ್ಲ’ ಎಂಬ ದನಿ ಜೋರಾಗುತ್ತಿತ್ತು. ನೀರಿನಲ್ಲಿ ಕಾಲಿಟ್ಟು ಕೂತು ಅವಳಿಗೆ ಏನೇನಾಗಬೇಕೆಂದು ಪಟ್ಟಿ ಮಾಡುತ್ತಿದ್ದೆ.

ಆ ಊರಿನಲ್ಲಿ ಮಧ್ಯಾಹ್ನ ಎರಡಾದರೆ ನಾಯಿಯೂ ಎದ್ದಿರುವುದಿಲ್ಲ. ಅಂಗಡಿ ಮುಚ್ಚಿ, ಕಿಟಕಿ ಹಾಕಿಕೊಂಡು ಎಲ್ಲರೂ ಮಲಗುತ್ತಾರೆ. ಮೊದಲ ವಾರದ ಶನಿವಾರ, ನಮ್ಮವರು ಗೊರಕೆ ಹೊಡೆಯುತ್ತಿದ್ದಾಗ ನಾನು ಬ್ರೆಡ್ಡು ತರಲು ಹೋದೆ. ಅಂಗಡಿಯವಳು ಬಾಗಿಲು ಎಳೆಯುತ್ತಿದ್ದಳು. ಗಲ್ಲಾದ ಪಕ್ಕದಲ್ಲಿ, ಮೇಣದ ಬತ್ತಿಗಳ ಜೊತೆ ಒಂದು ಬುಟ್ಟಿಯಲ್ಲಿ ಅಂಗೈಯಗಲದ ತಗಡುಗಳಿದ್ದವು. ಒಂದರ ಮೇಲೆ ಕಾಲು, ಒಂದರ ಮೇಲೆ ಕೈ, ಒಂದರ ಮೇಲೆ ಕೂಸು, ಇನ್ನೊಂದರ ಮೇಲೆ ಎರಡು ಕಣ್ಣು. ಯಾರೂ ವಿವರಿಸಬೇಕಾಗಿರಲಿಲ್ಲ. ಚಿಕ್ಕಂದಿನಲ್ಲಿ ನನಗೆ ಕಣ್ಣು ಬೇನೆ ಬಂದಾಗ ಅಜ್ಜಿ ಅಮ್ಮನವರಿಗೆ ಹರಕೆ ಹೊತ್ತು, ವಾಸಿಯಾದ ಮೇಲೆ ಬೆಳ್ಳಿಯ ಕಣ್ಣು ಒಪ್ಪಿಸಿದ್ದಳು. ಅದೇ ಹರಕೆ ಇಲ್ಲಿ ತಗಡಿನಲ್ಲಿತ್ತು.

ಕಣ್ಣಿನ ತಗಡನ್ನು ಕೊಂಡುಕೊಂಡೆ. ಬ್ರೆಡ್ಡು ಮರೆತೇಹೋಯಿತು.

ದಿಬ್ಬ ಹತ್ತುವಾಗ ನನ್ನ ಮನಸ್ಸಿನಲ್ಲಿ ಗೊಂದಲವೇನೂ ಇರಲಿಲ್ಲ. ಕಣ್ಣಿದ್ದೂ ನೋಡಲಿಲ್ಲ ಅಂದವಳಿಗೆ ಕಣ್ಣೇಕೆ ಎಂದು ಸ್ಪಷ್ಟವಾಗಿ ಅನ್ನಿಸಿತ್ತು. ಚರ್ಚಿನ ಬಾಗಿಲು ತೆರೆದೇ ಇತ್ತು, ಒಳಗೆ ಯಾರೂ ಇರಲಿಲ್ಲ. ಎದುರಿಗೆ ಒಬ್ಬ ಸಂತ ಹೆಂಗಸಿನ ಚಿತ್ರಪಟ. ಅವಳ ಕೈಯಲ್ಲಿ ಒಂದು ತಟ್ಟೆ, ತಟ್ಟೆಯಲ್ಲಿ ಎರಡು ಕಣ್ಣು. ಪಟದ ಕೆಳಗೆ ದಾರಕ್ಕೆ ಸಾಲಾಗಿ ಕಟ್ಟಿದ ತಗಡುಗಳು. ನನ್ನದನ್ನೂ ಕಟ್ಟಿದೆ, ತಲೆಕೆಳಗಾಗಿ ಕಟ್ಟಿದೆ. ಆಮೇಲೆ ನಮ್ಮ ಬೀದಿಯ ಹೆಂಗಸರ ಹಾಗೆಯೇ ನಿಂತು, ‘ಮಾನಸಾ, ನಿನ್ನ ಕಣ್ಣು ಇಂಗಿಹೋಗಲಿ’ ಎಂದು ಬಾಯಿಬಿಟ್ಟು ಹೇಳಿ ನೆಟಿಗೆ ಮುರಿದೆ. ಒಂದೊಂದೇ ಬೆರಳು, ನಿಧಾನವಾಗಿ. ಆ ಕಲ್ಲಿನ ಕೋಣೆಯಲ್ಲಿ ಪ್ರತಿಯೊಂದೂ ಕಡ್ಡಿ ಮುರಿದ ಹಾಗೆ ಕೇಳಿಸಿತು. ಒಂಬತ್ತು ಮುರಿದವು. ಕೊನೆಯ ಕಿರುಬೆರಳು ಎಷ್ಟು ಒತ್ತಿದರೂ ಸದ್ದು ಮಾಡಲಿಲ್ಲ, ನೋವು ಮಾತ್ರ ಮೊಳಕೈವರೆಗೆ ಹತ್ತಿತು.

ಆಗ ಹೊರಗೆ ಜೀರುಂಡೆಗಳು ನಿಂತುಹೋದವು. ಬಂದ ದಿನದಿಂದ ಒಂದು ಕ್ಷಣ ಬಿಡದೆ ಕಿರುಗುಟ್ಟುತ್ತಿದ್ದವು, ಒಟ್ಟಿಗೆ ನಿಂತವು. ಯಾರೋ ನನ್ನ ಮುಂದೆ, ತೀರ ಹತ್ತಿರದಲ್ಲಿ ಬೆನ್ನು ಹಾಕಿ ನಿಂತಿದ್ದಾರೆ, ಕೈ ಚಾಚಿದರೆ ಅವರ ಜಡೆ ಸಿಗುತ್ತದೆ ಎನ್ನಿಸಿತು. ನಾನು ಕೈ ಚಾಚಲಿಲ್ಲ.

ಹಿಂದೆ ಸದ್ದಾಗಿ ತಿರುಗಿದರೆ ಬಾಗಿಲಲ್ಲಿ ನಮ್ಮ ಮನೆಯೊಡತಿ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಬಂದವಳೇ ತಲೆಕೆಳಗಾಗಿದ್ದ ತಗಡನ್ನು ಬಿಚ್ಚಿ ಸರಿಯಾಗಿ ಕಟ್ಟಿದಳು, ಒಂದು ಮೇಣದ ಬತ್ತಿ ಹಚ್ಚಿದಳು. ನನ್ನ ಎರಡೂ ರೆಪ್ಪೆಯ ಮೇಲೆ ಹೆಬ್ಬೆರಳಿಟ್ಟು, ನಮ್ಮಜ್ಜಿ ದೃಷ್ಟಿ ತೆಗೆಯುವಾಗ ಮಾಡುತ್ತಿದ್ದ ಹಾಗೆಯೇ ‘ಥೂ ಥೂ ಥೂ’ ಎಂದು ಮೂರು ಸಲ ಉಗುಳಿದಂತೆ ಮಾಡಿದಳು. ನನ್ನ ಕಣ್ಣಿಗೇ ಏನೋ ತೊಂದರೆ ಎಂದು ತಿಳಿದಳೋ, ನನ್ನ ಹೊಟ್ಟೆಯೊಳಗಿನದು ಅವಳಿಗೆ ಕಂಡಿತೋ ಗೊತ್ತಿಲ್ಲ. ಕೈ ಹಿಡಿದು ಮನೆಗೆ ಕರೆದುಕೊಂಡು ಹೋದಳು. ಅರ್ಧ ದಾರಿಯಲ್ಲಿ ಜೀರುಂಡೆಗಳು ಮತ್ತೆ ಶುರುವಾದವು. ನಡೆದದ್ದನ್ನು ನಾನು ನಮ್ಮವರಿಗೂ ಹೇಳಲಿಲ್ಲ, ನಾಚಿಕೆಯಾಗಿತ್ತು. ನಿಜ ಹೇಳಬೇಕೆಂದರೆ ಹಗುರವೂ ಆಗಿತ್ತು. ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಒಂದು ವಾರದ ನಂತರ ನ್ಯೂವಾರ್ಕಿನಲ್ಲಿ ಇಳಿದು, ರಜೆಯುದ್ದಕ್ಕೂ ಆರಿಸಿಟ್ಟಿದ್ದ ಫೋನನ್ನು ಆನ್ ಮಾಡಿದರೆ ಮೆಸೇಜುಗಳ ಮೇಲೆ ಮೆಸೇಜು. ‘ಸಾರಿ ಆಂಟಿ’, ‘ನಮಗೆ ಗೊತ್ತಿರ್ಲಿಲ್ಲ ಆಂಟಿ’. ಮಾನಸಾ ರಿಯಾಳ ಮನೆಗೆ ತಾನಾಗಿ ಹೋಗಿ, ಕೋಲು ಕೈಜಾರಿ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೆನೆಂದು ಹೇಳಿದ್ದಳು. ತಾಯಂದಿರ ಗ್ರೂಪಿನಲ್ಲೂ ಅದನ್ನೇ ಬರೆದಿದ್ದಳು.

ಎರಡು ದಿನ ಬಿಟ್ಟು ಅವಳೇ ಮನೆಗೆ ಬಂದಳು. ಬಾಗಿಲು ತೆಗೆದವಳು ನಾನು ಮೊದಲು ನೋಡಿದ್ದು ಅವಳ ಕಣ್ಣನ್ನು. ಚೆನ್ನಾಗೇ ಇದ್ದವು. ನನಗೆ ನಿರಾಸೆಯಾಯಿತು, ಮುಚ್ಚಿಡುವುದೇಕೆ. ಒಳಗೆ ಕರೆದೆ, ಕೂರು ಎಂದೆ. ಕಾಫಿ ಇರಲಿ, ನೀರು ಬೇಕೆ ಎಂದೂ ಕೇಳಲಿಲ್ಲ.

‘ಯಾಕೆ ಹಾಗ್ ಹೇಳ್ದೆ ಅವತ್ತು?’ ಎಂದೆ.

‘ನೋಡ್ದೆ ಅಂದಿದ್ರೆ ಮಕ್ಕಳು ನಿಮ್ಮ ಹತ್ರಾನೇ ಉಳೀತಿದ್ರು ಆಂಟಿ’ ಎಂದಳು. ಅಷ್ಟು ನೇರವಾದ ಉತ್ತರವನ್ನು ನಾನು ನಿರೀಕ್ಷಿಸಿರಲಿಲ್ಲ.

‘ಈಗ್ಯಾಕೆ ಹೇಳ್ದೆ ಮತ್ತೆ?’

ಅವಳು ಹೇಳಿದಳು. ನಾವು ಊರಿನಲ್ಲಿ ಇಲ್ಲದಿದ್ದಾಗ, ಒಂದು ಶನಿವಾರ ಅವಳ ಕ್ಲಾಸಿನ ಮಕ್ಕಳ ಕಾರ್ಯಕ್ರಮವಿತ್ತಂತೆ. ಬೆಳಿಗ್ಗೆ ಏಳು ದಾಟಿತ್ತು, ಕನ್ನಡಿಯ ಮುಂದೆ ಕಣ್ಣಿಗೆ ಕಾಡಿಗೆ ಹಚ್ಚಿಕೊಳ್ಳುತ್ತಿದ್ದಳು. ಗ್ರೀಸಿಗೂ ಇಲ್ಲಿಗೂ ಏಳು ಗಂಟೆಯ ಅಂತರ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ, ಆಗ ಅಲ್ಲಿ ಮಧ್ಯಾಹ್ನ ಎರಡು ದಾಟಿತ್ತು.

‘ಇದ್ದಕ್ಕಿದ್ ಹಾಗೆ ಎಲ್ಲಾ ಬೆಳ್ಳಗಾಗ್ಹೋಯ್ತು ಆಂಟಿ. ಏನೂ ಕಾಣ್ತಿಲ್ಲ. ಕಿರುಚೋಕೂ ಆಗ್ಲಿಲ್ಲ. ಆಮೇಲೆ ಆ ಬಿಳೀಲಿ ನಿಮ್ಮ ಕೈಯಿಂದ ಕೋಲು ಜಾರಿದ್ದು, ರಿಯಾ ಕಾಲು, ನೀವು ನನ್ನ ನೋಡಿದ್ದು, ಅಷ್ಟೇ ಮತ್ತೆ ಮತ್ತೆ. ಎಷ್ಟ್ ಹೊತ್ತೋ. ಕಣ್ಣು ಬಂದ್ಮೇಲೂ ಅಷ್ಟೇ, ರೆಪ್ಪೆ ಮುಚ್ಚಿದ್ರೆ ಅದೇ. ಮೂರು ರಾತ್ರಿ ಮಲಗ್ಲಿಲ್ಲ. ಡಾಕ್ಟರು ಏನೂ ಇಲ್ಲ ಅಂದ್ರು. ಹೋಗಿ ಹೇಳಿದ್ಮೇಲೇ ನಿಂತಿದ್ದು.’

ಅವಳು ಎದ್ದು ಬಾಗಿಲವರೆಗೆ ಹೋಗಿ ತಿರುಗಿದಳು.

‘ಇನ್ನೊಂದು ಆಂಟಿ. ನೀವು ನಗ್ಬಾರ್ದು. ಕಣ್ಣು ಹೋಗೋಕ್ ಮುಂಚೆ, ಹಿಂದೆ ಯಾರೋ ನಿಂತ್ಕೊಂಡು ಕಿವಿ ಹತ್ರ ನೆಟಿಗೆ ಮುರಿದ್ರು. ನಿಧಾನಕ್ಕೆ, ಒಂದೊಂದೇ. ನಮಗೆ ತಾಳ ಎಣಿಸೋದು ಅಭ್ಯಾಸ ಅಲ್ವಾ, ಎಣಿಸ್ದೆ. ಒಂಬತ್ತು. ಹತ್ತನೇದಕ್ಕೆ ಕಾಯ್ತಾ ನಿಂತಿದ್ದೆ. ಬರ್ಲೇ ಇಲ್ಲ.’

ಅವಳ ಕಾರು ಹೋದ ಮೇಲೆ ನಮ್ಮವರಿಗೆ ಎಲ್ಲವನ್ನೂ ಹೇಳಿದೆ. ಮೊದಲು ‘ಮನಸ್ಸಾಕ್ಷಿ ಚುಚ್ಚಿದೆ, ಅಷ್ಟೇ ಕಣೇ, ಕಾಕತಾಳೀಯ’ ಎಂದರು. ಒಂಬತ್ತರ ವಿಷಯ ಹೇಳಿದಾಗ ನನ್ನ ಕಿರುಬೆರಳನ್ನೇ ಸ್ವಲ್ಪ ಹೊತ್ತು ನೋಡಿ, ಹುಲ್ಲು ಕತ್ತರಿಸುವುದಿದೆ ಎಂದು ಹೊರಗೆ ಹೋದರು.

ನಾನು ಕುರುಡು ಬೇಡಿದೆ, ಅವಳಿಗೆ ಕಾಣಿಸಿತು. ಆ ತಟ್ಟೆ ಹಿಡಿದ ತಾಯಿಗೆ ಕಣ್ಣು ಕೊಡುವುದೊಂದೇ ಗೊತ್ತೋ, ತಗಡನ್ನು ತಿರುಗಿಸಿ ಕಟ್ಟಿದ ಮುದುಕಿಯ ಕೆಲಸವೋ, ಎಲ್ಲ ನನ್ನ ಭ್ರಮೆಯೋ. ಎಷ್ಟು ಯೋಚಿಸಿದರೂ ತಳ ಸಿಗುವುದಿಲ್ಲ. ಬೇಸ್‌ಮೆಂಟಿನಲ್ಲಿ ಈಗ ಮತ್ತೆ ಮಕ್ಕಳಿದ್ದಾರೆ, ರಿಯಾಳೂ ಬರುತ್ತಾಳೆ. ಹೋದ ಹೆಸರು ಹೆಚ್ಚುಕಡಿಮೆ ಹಿಂದಕ್ಕೆ ಬಂದಿದೆ. ಅದಕ್ಕಾಗಿ ಮಾನಸಾಳನ್ನು ಕ್ಷಮಿಸಿದ್ದೇನೆಂದು ನೀವು ತಿಳಿದರೆ ತಪ್ಪು. ನಾನು ಬೇಡಿದ್ದು ಅದಲ್ಲ.

ಶನಿವಾರಗಳಲ್ಲಿ ಕೆಲವೊಮ್ಮೆ ಅವಳು ಇಂಡಿಯನ್ ಸ್ಟೋರಿನಲ್ಲಿ ಎದುರಾಗುತ್ತಾಳೆ. ತಲೆ ತಗ್ಗಿಸಿ ನಮಸ್ಕಾರ ಮಾಡುತ್ತಾಳೆ, ನಾನೂ ತಲೆಯಾಡಿಸುತ್ತೇನೆ. ಅವಳು ಬೆನ್ನು ತಿರುಗಿಸಿದ ಮೇಲೆ ನನ್ನ ಬಲಗೈ ತಾನಾಗಿ ಎಡಗೈಯ ಕಿರುಬೆರಳನ್ನು ಹಿಡಿದು ಒತ್ತುತ್ತದೆ. ಅವಳು ಮುಂದಿನ ಸಾಲಿನಲ್ಲಿ ಹೆಜ್ಜೆ ನಿಲ್ಲಿಸಿ, ಕಿವಿಗೊಟ್ಟು ನಿಂತಿರುತ್ತಾಳೆ. ಇಲ್ಲಿಯವರೆಗೆ ಅದು ಸದ್ದು ಮಾಡಿಲ್ಲ.