ಒರೆಸದ ನೆಲ

ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ಮೂಡಬಿದ್ರೆಯ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದ ನನಗೆ ಒಂದು ಹುಚ್ಚು ಹಿಡಿದಿತ್ತು: ಮನೆಗಳ ಧೂಳಿನಲ್ಲಿ ಸೀಸ ಹುಡುಕುವುದು. ಹಳೆಯ ಆಯಿಲ್ ಪೇಂಟಿನ ಸೀಸ ಪುಡಿಯಾಗಿ ಉದುರಿ ಮಕ್ಕಳ ಬಾಯಿಗೆ ಹೋಗುತ್ತದೆ. ಅಳತೆಯಷ್ಟು ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಬಾಟಲಿಯಲ್ಲಿ ಮುಚ್ಚಿ ಲ್ಯಾಬಿಗೆ ಕಳಿಸುವುದು, ಇಷ್ಟೇ ಕೆಲಸ. "ಮೇಡಂಗೆ ಬೇರೆ ಕೆಲಸ ಇಲ್ಲ ಮಾರಾಯ್ರೆ" ಎಂದು ಸ್ಟಾಫ್‌ರೂಮಿನಲ್ಲಿ ನಗುತ್ತಿದ್ದರು. ನಗಲಿ!

ಬಿ.ಸಿ.ರೋಡಿನ ಹತ್ತಿರದ ಮನೆಯೊಂದರಲ್ಲಿ ಎರಡು ವರ್ಷದ ಮಗುವಿಗೆ ಊಟ ಸೇರುತ್ತಿರಲಿಲ್ಲ, ಸದಾ ಹೊಟ್ಟೆನೋವು. ರಕ್ತದಲ್ಲಿ ಸೀಸ ಸಿಕ್ಕಿತ್ತು. ಅದು ಬರುವ ಜಾಗ ಹುಡುಕದಿದ್ದರೆ ಔಷಧದಿಂದ ಪ್ರಯೋಜನವಿಲ್ಲ ಎಂದು ಡಾಕ್ಟರು ನನಗೆ ಫೋನ್ ಮಾಡಿದರು. ಮಗುವಿನ ತಂದೆ ದುಬೈಯಲ್ಲಿದ್ದರು. ಮನೆಯ ಯಜಮಾನಿಕೆಯೆಲ್ಲ ಅಜ್ಜಿಯದು.

ನಾನು ಹೋದಾಗ ನೆಲದಲ್ಲಿ ಮುಖ ಕಾಣುತ್ತಿತ್ತು.

"ನೀವು ಬರ್ತೀರಿ ಅಂತ ನಿನ್ನೆಯಿಂದ ಮೂರು ಸಲ ಒರೆಸಿದ್ದೇವೆ ಟೀಚರೇ," ಎಂದರು ಅಜ್ಜಿ.

ಹಿಂದಿನ ದಿನವೇ ಫೋನ್ ಮಾಡಿದ ನಾನೆಂಥ ಪೆದ್ದಿ! ಯಾರಾದರೂ ಬರುತ್ತಾರೆಂದರೆ ನಮ್ಮ ಕಡೆಯ ಹೆಂಗಸರು ಸುಮ್ಮನಿರುತ್ತಾರೆಯೇ? ಒರೆಸಿದ ನೆಲದ ರಿಪೋರ್ಟಿನಲ್ಲಿ ಏನೂ ಇರಲಿಲ್ಲ. ಮಗುವಿನ ನೋವು ಹಾಗೆಯೇ ಇತ್ತು.

ಮುಂದಿನ ವಾರ ಹೇಳದೆ ಕೇಳದೆ ಹೋದೆ. ಮಗು ಕಿಟಕಿಯ ಸರಳಿಗೆ ಬಾಯಿಟ್ಟು ರಸ್ತೆ ನೋಡುತ್ತಿತ್ತು. ಅದರ ಅಂಗೈಗೆ ಹಸಿರು ಪುಡಿ ಮೆತ್ತಿತ್ತು. ಹಬ್ಬಕ್ಕೆ ಹೊಸ ಬಣ್ಣ ಬಳಿಯುವ ಮೊದಲು ಕಿಟಕಿಗಳ ಹಳೆಯ ಹಸಿರು ಬಣ್ಣವನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿಸಿದ್ದರಂತೆ.

"ಅಯ್ಯೋ, ಇವತ್ತು ಗುಡಿಸ್ಲೇ ಇಲ್ಲ! ಒಂದು ನಿಮಿಷ ನಿಲ್ಲಿ," ಎಂದು ಅಜ್ಜಿ ಹಿಡಿಸೂಡಿಗೆ ಓಡಿದರು.

"ಹಿಡಿಸೂಡಿ ಮುಟ್ಟಿದರೆ ನೋಡಿ!" ಎಂದು ಗದರಿದೆ. ಆ ಮನೆಯಲ್ಲಿ ಅಜ್ಜಿಯನ್ನು ಗದರಿದವರು ಅದುವರೆಗೆ ಯಾರೂ ಇರಲಿಲ್ಲವಂತೆ.

ಈ ಸಲ ಸೀಸ ಬೇಕಾದಷ್ಟು ಸಿಕ್ಕಿತು. ತಾಯಿ ಮಗುವನ್ನು ಎತ್ತಿಕೊಂಡು ಬೆಳ್ತಂಗಡಿಯ ತವರಿಗೆ ಹೋದಳು. ಕಿಟಕಿಗಳನ್ನು ಬದಲಿಸಿದರು, ಇಡೀ ಮನೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಆಮೇಲೆ ನೆಲ ಮುಟ್ಟಬೇಡಿ ಎಂದು ತಾಕೀತು ಮಾಡಿ, ಕೊನೆಯ ಪರೀಕ್ಷೆಗೆ ನಾನು ಹೇಳಿಯೇ ಹೋದೆ. ಅಜ್ಜಿ ಬಾಗಿಲಲ್ಲಿ ಕಾವಲು ನಿಂತಿದ್ದರು, ಪಕ್ಕದ ಮನೆಯವರು ಇಣುಕಬಾರದೆಂದು.

"ನೀವು ಹೇಳಿದ್ದೀರಿ ಅಂತ ನಾಲ್ಕು ದಿನದಿಂದ ಹಾಗೇ ಬಿಟ್ಟಿದ್ದೇನೆ. ನನ್ನ ಜನ್ಮದಲ್ಲಿ ಇಂಥ ಮನೆಗೆ ಯಾರನ್ನೂ ಕರೆದದ್ದಿಲ್ಲ. ಬನ್ನಿ."

ಆಮೇಲೆ ನನಗೆ ಶಾಲು, ಹಾರ ಎಲ್ಲ ಸಿಕ್ಕಿವೆ. ಆ ಧೂಳಿನ ನೆಲದಲ್ಲಿ ಕಾಲಿಟ್ಟಾಗ ಆದಷ್ಟು ಹೆಮ್ಮೆ ಇನ್ನೆಂದೂ ಆಗಲಿಲ್ಲ.

ರಿಪೋರ್ಟ್ ಬಂದ ಕೂಡಲೇ ಫೋನ್ ಮಾಡಿದೆ. "ಹೆದರುವಂಥದ್ದು ಏನೂ ಇಲ್ಲ. ಮಗುವನ್ನು ಕರೆಸಿಕೊಳ್ಳಿ."

ಆ ಕಡೆಯಿಂದ ಅಳು ಕೇಳಿಸಿತು. ಅಜ್ಜಿ ಮೂಗು ಸೀಟಿಕೊಂಡು ಕೇಳಿದರು:

"ಹಾಗಾದ್ರೆ ಟೀಚರೇ, ಇನ್ನು ನೆಲ ಒರೆಸ್ಬಹುದಲ್ಲ?"